ಮಗ್ಗದ ಬೀದಿಯಲ್ಲಿ ಕ್ರೋಮಿಯಂ ಸೋರಿಕೆ

ಸಕ್ಕರೆ ಕಾಯಿಲೆ ಬಂದ ಮೇಲೆ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಪಥ್ಯ, ನಗೋದಕ್ಕೆ ಮಾತ್ರ ಇಲ್ಲ. ವಾರಕ್ಕೊಂದು ಏನಾದರೂ ನಡೆದೇ ನಡೆಯುತ್ತೆ. ಕಾಯಿಲೆ ನನಗೂ ಇದೆ, ನಮ್ಮ ಯಜಮಾನರಿಗೂ ಇದೆ. ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಬೀದಿ, ಮನೆಮನೆಯಲ್ಲೂ ಪವರ್‌ಲೂಮ್. ಹಗಲೆಲ್ಲ ಆ ಸದ್ದಿನ ಮೇಲೆ ಕಿರುಚಿ ಕಿರುಚಿ ಮೆಲ್ಲಗೆ ಮಾತಾಡೋದೇ ನಮಗೆ ಮರೆತುಹೋಗಿದೆ.

೧. ಕುರ್ಚಿ ಮರ್ಯಾದೆ

ಡಾಕ್ಟರಮ್ಮ ರಿಪೋರ್ಟ್ ನೋಡಿ, “ಇಬ್ಬರದೂ ಜಾಸ್ತಿ ಇದೆ. ಮುಂದಿನ ಟೆಸ್ಟಿಗೆ ಇಳೀದಿದ್ರೆ ಇನ್ಸುಲಿನ್ ಸೂಜಿ ಶುರು ಮಾಡ್ಬೇಕಾಗುತ್ತೆ” ಅಂದರು. ನಾಲ್ಕು ಹೆತ್ತಾಗಲೂ ಹೆದರದವಳು ನಾನು, ಸೂಜಿ ಅಂದರೆ ಮಾತ್ರ ಮಾರುದೂರ ಓಡ್ತೀನಿ.

ಡಾಕ್ಟರಮ್ಮ ಮುಂದುವರಿಸಿದರು: “ಸಕ್ಕರೆ ಏರಿದ್ರೆ ಹೊರಗೆ ಹೋಗೋದು ಸಕ್ಕರೆ ಒಂದೇ ಅಲ್ಲಜ್ಜಿ, ಕ್ರೋಮಿಯಂ, ಸತು ಅಂತ ಮೈಗೆ ಚೂರೇ ಚೂರು ಬೇಕಾಗೋ ಲೋಹಗಳೂ ಮೂತ್ರದಲ್ಲಿ ಜಾಸ್ತಿ ಹೊರಟುಹೋಗ್ತವೆ.”

“ಹಾಗಾದ್ರೆ ಅದರದೇ ಗುಳಿಗೆ ಕೊಟ್ಬಿಡಿ ತಾಯಿ!” ಅಂದೆ.

“ಅದರಿಂದ ಗುಣ ಆಗುತ್ತೆ ಅಂತ ಹೇಳೋಕಾಗಲ್ಲ. ಕೊಟ್ಟ ಮಾತ್ರೆ ತಗೊಳ್ಳಿ, ಕಾಳು ಸೊಪ್ಪು ತಿನ್ನಿ, ನಡೀರಿ. ಸಿಹಿ ಮುಟ್ಟಬೇಡಿ.”

ಯಜಮಾನರು ಗುಟ್ಟಾಗಿ ಕೇಳೋ ಹಾಗೆ ಬಗ್ಗಿ, ಮಗ್ಗದ ಮನೆ ಗಂಟಲಲ್ಲಿ ಕೇಳಿದರು: “ಅಂದ್ರೆ ನನ್ನ ಉಚ್ಚೇಲಿ ಲೋಹ ಹೋಗ್ತಾ ಇದೆಯಾ ಮೇಡಂ?”

ನಾವು ಹೊರಗೆ ಬಂದರೆ ಕಾಯ್ತಾ ಕೂತಿದ್ದ ಹೆಂಗಸೊಬ್ಬಳು ಎದ್ದು ಕುರ್ಚಿ ಕೊಟ್ಟಳು. “ಕೂತ್ಕೊಳ್ಳಿ ಯಜಮಾನ್ರೇ, ಒಳಗೆ ಬಹಳ ಭಾರ ಇರ್ಬೇಕು.”

೨. ಚಮಚದ ಸಾರು

ನಮ್ಮ ಅಳಿಯಂದಿರು ಸೋಂಪುರದಲ್ಲಿ ನಲ್ಲಿಗಳಿಗೆ ಕ್ರೋಮ್ ಮೆರುಗು ಕೊಡೋ ಫ್ಯಾಕ್ಟರಿಯಲ್ಲಿದ್ದಾರೆ. ಯಜಮಾನರು ಅವರಿಗೆ ಫೋನ್ ಹಚ್ಚಿದರು. “ಅಳಿಯಂದ್ರೇ, ನಿಮ್ಮಲ್ಲಿ ಕ್ರೋಮಿಯಂ ತೊಟ್ಟಿಗಟ್ಟಲೆ ಇದೆಯಂತಲ್ಲಾ, ಬರೋವಾಗ ಒಂದು ಬಾಟ್ಲಿ ತನ್ನಿ.”

“ಅಯ್ಯೋ ಮಾವ, ಅದು ವಿಷ! ಕುಡಿದ್ರೆ ಸಕ್ಕರೆನೂ ಇರಲ್ಲ, ನೀವೂ ಇರಲ್ಲ.”

ಅಷ್ಟಕ್ಕೇ ಬಿಡಬಾರದಿತ್ತೇ? ಪಾಪ, ಸ್ಟೀಲ್ ಪಾತ್ರೆಯಲ್ಲೂ ಕ್ರೋಮಿಯಂ ಇರುತ್ತೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟರು. ಮಾರನೇ ದಿನ ನಮ್ಮ ಬೀಗಿತ್ತಿ ಊಟಕ್ಕೆ ಬಂದಿದ್ದರು. ಹುರುಳಿ ಸಾರು ಬಡಿಸಿದರೆ ಅವರ ತಟ್ಟೆಗೆ ಠಣ್ ಅಂತ ಒಂದು ಚಮಚ ಬಿತ್ತು, ಹಿಂದೆಯೇ ಇನ್ನೊಂದು. ಕುದಿಯೋ ಸಾರಿಗೆ ನಮ್ಮವರು ಮನೆ ಚಮಚವನ್ನೆಲ್ಲ ಸುರಿದಿದ್ದರು.

ಬೀಗಿತ್ತಿ ಒಂದನ್ನು ಎತ್ತಿ ನೋಡಿ ಅಂದರು: “ಚೆನ್ನಾಗಿದೆ ಬೀಗಿತ್ತಿ. ಇನ್ನೂ ಸ್ವಲ್ಪ ಬೇಯಬೇಕಿತ್ತು.”

೩. ನಾನು ತವರಿಗೆ ಹೊರಟಿದ್ದು

ಸೂಜಿ ಹೆದರಿಕೆಗೆ ದಿನಾ ಬೆಳಗ್ಗೆ ಮಾಕಳಿದುರ್ಗದ ರಸ್ತೆಯಲ್ಲಿ ನಡೆಯೋಕೆ ಶುರು ಮಾಡಿದೆ. ಗಾಡಿಯವರೆಲ್ಲ ನಿಲ್ಲಿಸಿ “ಹತ್ಕೋ ಅಜ್ಜಿ, ಬಿಡ್ತೀನಿ” ಅನ್ನೋರು. “ಎಲ್ಲಿಗೂ ಹೋಗ್ತಿಲ್ಲ ಕಣಪ್ಪಾ, ಸುಮ್ನೆ ನಡೀತಿದ್ದೀನಿ” ಅಂದರೆ ಯಾರೂ ನಂಬಲ್ಲ. ನನ್ನ ತವರೂ ಅದೇ ದಿಕ್ಕಿಗಿರೋದು. ಒಂದು ದಿನ, ಅಜ್ಜಿ ಜಗಳ ಆಡಿಕೊಂಡು ತವರಿಗೆ ಹೊರಟಿದೆ ಅಂತ ಸುದ್ದಿ ನನಗಿಂತ ಮುಂಚೆ ಮನೆ ಮುಟ್ಟಿತು. ಯಜಮಾನರು ಸ್ಕೂಟರ್ ಹತ್ತಿ ಓಡಿಬಂದರು.

“ಏನೇ ಇದು, ಈ ವಯಸ್ಸಲ್ಲಿ! ತಪ್ಪಾಯ್ತು, ಬಾರೇ ಮನೆಗೆ!”

“ಯಾವ ತಪ್ಪುರೀ?”

“ಯಾವುದೋ ಒಂದು. ಆಮೇಲೆ ಯೋಚ್ನೆ ಮಾಡಿ ಹೇಳ್ತೀನಿ, ಹತ್ತು.”

ಹತ್ತಲಿಲ್ಲ. ನಾನು ನಡೆದೆ. ಅವರು ಹಿಂದೆಯೇ ಸ್ಕೂಟರ್ ಮೆಲ್ಲಗೆ ಓಡಿಸಿಕೊಂಡು, ಕ್ಷಮೆ ಕೇಳ್ತಾ ಮನೆತನಕ ಬಂದರು.

೪. ಕರೆಂಟ್ ಹೋದ ಹೊತ್ತು

ಟೆಸ್ಟ್ ಬಂತು. ನನ್ನ ಸಕ್ಕರೆ ಇಳಿದಿತ್ತು! “ಭೇಷ್ ಅಜ್ಜಿ, ಸೂಜಿ ಬೇಡ” ಅಂದರು ಡಾಕ್ಟರಮ್ಮ. ಯಜಮಾನರದು ಏರಿತ್ತು. “ನನಗೆ ಕ್ರೋಮಿಯಂ ಸೋರೋದು ಜಾಸ್ತಿ ಮೇಡಂ, ಸಿಹಿ ಮೂಸಿಯೂ ನೋಡಿಲ್ಲ” ಅಂತ ಕಣ್ಣಲ್ಲಿ ನೀರು ತಂದುಕೊಂಡರು. ಡಾಕ್ಟರಮ್ಮ ಕರಗಿ ಇನ್ನೊಂದು ತಿಂಗಳು ನೋಡೋಣ ಅಂದರು. ನಾನೂ ಕರಗಿದೆ. ನುಗ್ಗೆಸೊಪ್ಪು, ಮೊಳಕೆ ಕಾಳು, ಎಲ್ಲ ಅವರ ತಟ್ಟೆಗೇ ಮೊದಲು. ಸೊಸೆಯಂತೂ, “ಪಾಪ ಮಾವ, ಹೇಗೆ ಸೋರಿಹೋಗ್ತಿದ್ದಾರೆ” ಅಂತ ಸೆರಗಲ್ಲಿ ಕಣ್ಣು ಒರೆಸಿಕೊಂಡಳು.

ಒಂದು ಸಂಜೆ ನಾನು ಜಗುಲಿ ಮೇಲೆ ಸೊಪ್ಪು ಬಿಡಿಸ್ತಾ ಕೂತಿದ್ದೆ. ಬೀದಿ ತುಂಬ ಮಗ್ಗದ ಸದ್ದು. ಇದ್ದಕ್ಕಿದ್ದಂತೆ ಕರೆಂಟ್ ಹೋಯ್ತು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು, ಬೀದಿಯೇ ಸ್ತಬ್ಧ. ಆ ಮೌನದಲ್ಲಿ ಬೀದಿ ಕೊನೆಯ ಬೇಕರಿಯಿಂದ ನಮ್ಮ ಯಜಮಾನರ ಗಂಟಲು ಮೊಳಗಿತು:

“ದಿನಾ ಕೊಡೋ ದಿಲ್‌ಪಸಂದ್ ಸಾಲ್ದು, ಇವತ್ತು ಇನ್ನೊಂದು ಪೀಸ್ ಹಾಕಪ್ಪಾ! ನಮ್ಮೋಳಿಗೆ ಮಾತ್ರ ಗೊತ್ತಾಗ್ಬಾರ್ದು!”

ನಾನು ಜಗುಲಿ ಮೇಲೆ ಎದ್ದು ನಿಂತೆ. ನನಗೂ ಅದೇ ಗಂಟಲಲ್ಲವೇ? “ಗೊತ್ತಾಗಲ್ಲ ಬಿಡ್ರೀ!” ಅಂತ ಕೂಗಿದೆ.

ಬಾಗಿಲು ಬಾಗಿಲಲ್ಲೂ ಜನ ಹೊಟ್ಟೆ ಹಿಡಿದು ನಕ್ಕರು. ಅವರು ಬಾಯಿ ಒರೆಸಿಕೊಳ್ಳುತ್ತಾ, ತಲೆ ಬಗ್ಗಿಸಿಕೊಂಡು ಅಷ್ಟುದ್ದ ಬೀದಿಯನ್ನೂ ನಡೆದು ಬಂದರು. ಅವತ್ತೇ ಮೊದಲು ಅವರಿಗೂ ಒಳ್ಳೇ ವಾಕಿಂಗ್ ಆಯ್ತು.

ಮಾರನೇ ದಿನ ನಾನೇ ಅವರನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿ ಹೇಳಿದೆ: “ಸೋರಿಕೆ ಎಲ್ಲಿ ಅಂತ ಗೊತ್ತಾಯ್ತು ತಾಯಿ. ಲೋಕಕ್ಕೆಲ್ಲ ಸೋರೋದು ಕೆಳಗಡೆ, ನಮ್ಮವರಿಗೆ ಬೇಕರಿ ಕಡೆ!”