ಹೆಸರು ಹಿಡಿದು ಕರೆಯುವ ಕಂಪ್ಯೂಟರ್

ಶಿಡ್ಲಘಟ್ಟದ ರೇಷ್ಮೆನೂಲು ವ್ಯಾಪಾರಿ ವೆಂಕಟರವಣಪ್ಪನವರ ಆಫೀಸಿಗೆ ತೊಂಬತ್ತೆಂಟರಲ್ಲಿ ಕಂಪ್ಯೂಟರುಗಳು ಬಂದು, ಒಂದಕ್ಕೊಂದು ವೈರು ಬಿಗಿಸಿಕೊಂಡ ದಿನದಿಂದ ಅವನ್ನು ನೋಡಿಕೊಳ್ಳುವ ಖಲೀಮುಲ್ಲಾನಿಗೆ ಉಣ್ಣಲೂ ಪುರಸೊತ್ತಿಲ್ಲ. ಒಂದರಿಂದ ಇನ್ನೊಂದನ್ನು ಕರೆಯಲು ಅದರ ಮಾರುದ್ದದ ನಂಬರು ಹೊಡೆಯಬೇಕು. ಬರೆದು ಅಂಟಿಸಿದರೂ ಯಾರೂ ನೋಡುವುದಿಲ್ಲ, ಅವನನ್ನು ಕೇಳುವುದೇ ಸುಲಭ.

ನಾಳೆ ಚಿಂತಾಮಣಿಯಲ್ಲಿ ತಂಗಿ ಶಹಜಾದಿಯ ನಿಕಾಹ್. ರಜ ಕೇಳಿದರೆ ಯಜಮಾನರು, "ನೀನು ಹೋದ್ರೆ ನಂಬರ್ ಯಾರಪ್ಪ ಹೇಳೋರು? ನೀನಿಲ್ದೆ ಇವು ಒಂದನ್ನೊಂದು ಹುಡುಕ್ಕೊಳ್ಳೋ ಹಂಗೆ ಮಾಡು, ಸಾಯಂಕಾಲದ ಬಸ್ಸಿಗೇ ಹೋಗು" ಎಂದರು.

ಖಲೀಮುಲ್ಲಾ ಒಂದು ಕಂಪ್ಯೂಟರಿಗೆ ಉಳಿದೆಲ್ಲದರ ಹೆಸರು, ನಂಬರು ಕಲಿಸಿದ. ಹೆಸರು ಹೊಡೆದರೆ ಸಾಕು, ನಂಬರನ್ನು ಅದೇ ಹುಡುಕಿಕೊಡುತ್ತದೆ. 'ಕ್ಯಾಷ್', 'ಗೋಡೌನ್' ಎಂದೆಲ್ಲ ಇಟ್ಟು, ಬೆಲೆಪಟ್ಟಿಯಿದ್ದ ಯಜಮಾನರ ಕಂಪ್ಯೂಟರಿಗೆ ಬಂದ.

"ನಂದಕ್ಕೆ ನನ್ನ ಹೆಸರೇ ಇಡು. ಅಪ್ಪ ಗಿಪ್ಪ ಬ್ಯಾಡ, ಉದ್ದ ಆಗ್ತದೆ. ಬರೀ ವೆಂಕಟರವಣ."

ಗೋಡೌನಿನ ಕಂಪ್ಯೂಟರಿನ ಮುಂದೆ ಕೂತು ಯಜಮಾನರೇ ಆ ಹೆಸರು ಹೊಡೆದರು. ಒಳಕೋಣೆಯಲ್ಲಿದ್ದ ಬೆಲೆಪಟ್ಟಿ ಕಣ್ಣೆದುರಿಗೆ ಬಂದು ನಿಂತಿತು!

"ಅಬ್ಬಬ್ಬಾ! ಗೋಡೆ ಆ ಕಡೆ ಇರೋದು ಹೆಸರು ಕೂಗಿದ್ರೆ ಓ ಅಂತದಲ್ಲಯ್ಯಾ!"

ತೂಕ ಹಾಕುವ ಕೋನಪ್ಪ ಚಪ್ಪಲಿ ಬಿಟ್ಟು ಕೈಮುಗಿದ. ಖಲೀಮುಲ್ಲಾನಿಗೂ ಮೈ ಜುಮ್ಮೆಂದಿತು. ತನ್ನ ಕೈಯಿಂದಲೇ ಆದದ್ದೆಂದು ನಂಬಲಾಗದೆ ಪರದೆಯನ್ನು ಇನ್ನೊಮ್ಮೆ ನೋಡಿ, ಬ್ಯಾಗು ಹೆಗಲಿಗೇರಿಸಿದ.

ಬಾಗಿಲಲ್ಲೇ ಆಫೀಸಿನ ಲೆಕ್ಕ ನೋಡುವ, ಯಜಮಾನರ ಹೆಂಡತಿ ಶ್ಯಾಮಲಮ್ಮ ತಡೆದರು. "ಇವ್ರ ಕಂಪ್ಯೂಟರ್ ನಂಬರ್ ಹೇಳಪ್ಪ."

"ನಂಬರ್ ಯಾಕಮ್ಮ? ಹೆಸರು ಹೊಡೀರಿ."

"ಮದ್ವೆ ಆದಾಗ್ಲಿಂದ ಬಾಯಲ್ಲೇ ಅಂದಿಲ್ಲ, ಈಗ ಬೆರಳಲ್ಲಿ ಅನ್ಲಾ?"

ಅವನು ಕೋನಪ್ಪನನ್ನು ಕರೆದು ಹೊಡೆಯಲು ಹೇಳಿದ. ಕೋನಪ್ಪ ಕೈ ಹಿಂದಕ್ಕೆಳೆದುಕೊಂಡ. "ಯಜಮಾನ್ರನ್ನ ಹೆಸರು ಹಿಡಿದು ಕರಿಯೋದಾ? ಅವರ ಉಪ್ಪು ತಿಂದಿದ್ದೀನಿ ಕಣಣ್ಣ. ನಂಬರೇ ಹೇಳು."

ಹೊರಗೆ ಚಿಂತಾಮಣಿ ಬಸ್ಸು ಹಾರನ್ ಹೊಡೆಯಿತು. "ಎಂಥಾ ಜನಾನಪ್ಪ! ಸರೀರಿ, ನಾನೇ ತೋರಿಸ್ತೀನಿ" ಎಂದು ಖಲೀಮುಲ್ಲಾ ಕುರ್ಚಿ ಎಳೆದು ಕೂತ. ಹಿಂದೆ ಯಾರೋ ಕೆಮ್ಮಿದರು. ಯಜಮಾನರು! ಅವನು ತಟ್ಟನೆ ಎದ್ದು ನಿಂತ. ಮೊದಲ ಅಕ್ಷರದ ಮೇಲಿಟ್ಟಿದ್ದ ಬೆರಳು ಅಲ್ಲೇ ನಿಂತಿತು. ಅನ್ನ ಕೊಟ್ಟವರನ್ನು, ಅವರೆದುರಿಗೇ, ಬರೀ ವೆಂಕಟರವಣ ಅನ್ನುವುದೇ? ಬೆರಳು ಮೆಲ್ಲಗೆ ಸರಿದು ನಂಬರನ್ನೇ ಹೊಡೆಯಿತು.

"ನೋಡ್ದಾ, ಮಾಡ್ದೋನು ನೀನು, ನಿನಗೇ ನಂಬರ್ ಬೇಕು! ಬ್ಯಾಗ್ ಇಳಿಸು."

"ಸಾರ್, ಒಂದೇ ನಿಮಿಷ, ಬೇರೆ ಹೆಸರು ಇಟ್ಬಿಡ್ತೀನಿ..."

ಯಜಮಾನರ ಮುಖ ಕಪ್ಪಿಟ್ಟಿತು. ಶ್ಯಾಮಲಮ್ಮ ತಾಳಿ ಹಿಡಿದುಕೊಂಡರು. "ಅವರ ಹೆಸರು ಅಳಿಸ್ತೀಯೇನೋ, ಪಾಪಿ?"

ಬಸ್ಸು ಹೊರಟ ಸದ್ದು ಕೇಳಿತು. "ಖಲೀಮಣ್ಣ, ನಂಬರ್?" ಎಂದ ಕೋನಪ್ಪ.