ಟ್ರೇಲರಿನಲ್ಲಿ ಪಳಗಿದ ಕೈಗೆ ಸಿಕ್ಕ ಹಡಗು

ತಪ್ಪು ಒಪ್ಪಿಕೊಳ್ಳುವುದರಲ್ಲಿ ನಾನು ಬಲು ನಿಧಾನ. ಏಳನೇ ಕ್ಲಾಸು ಫೇಲಾದದ್ದನ್ನು ಅಪ್ಪನಿಗೆ ಹೇಳಿದ್ದೇ ಅವರು ಎಂಟಕ್ಕೆ ಪುಸ್ತಕ ತಂದ ಮೇಲೆ. ಆಗ ದಂಡವಾದದ್ದು ಒಂದು ಕಟ್ಟು ಪುಸ್ತಕ. ಈ ಸಲ ಹಡಗು, ಅದೂ ತಂಗಿಯ ಹಡಗು.

ತಂಗಿ ಸವಿತಾ ಕರಾವಳಿಯ ಕಚೇರಿಯೊಂದರಲ್ಲಿ ಹಡಗಿನ ನಕ್ಷೆ ಮಾಡುತ್ತಾಳೆ. ಸಾತನೂರಿನಿಂದ ಅವರೆಕಾಯಿ ಹೊತ್ತು ಹೋದ ನನ್ನನ್ನು ಒಂದು ಮಬ್ಬುಗತ್ತಲ ಕೋಣೆಗೆ ಕರೆದೊಯ್ದಳು. ಸುತ್ತ ಪರದೆ, ಪರದೆಯ ತುಂಬ ನೀರು, ನಡುವೆ ಹಡಗು ತಿರುಗಿಸುವ ನಿಜವಾದ ಚಕ್ರ. ಸಿಮ್ಯುಲೇಟರ್ ಅಂತೆ. ಹಡಗು ಇನ್ನೂ ಕಾಗದದ ಮೇಲಿತ್ತು. ಕಟ್ಟುವ ಮೊದಲೇ ಅದು ಹೇಗೆ ತಿರುಗುತ್ತದೆಂದು ಇಲ್ಲಿ ಓಡಿಸಿ ನೋಡುತ್ತಾರೆ. ಕ್ಯಾಪ್ಟನ್ನರೆಲ್ಲ ಓಡಿಸಿ ಭೇಷ್ ಎಂದಿದ್ದರು. ಮೇಲಧಿಕಾರಿ ಮಾತ್ರ, "ಪಳಗಿದವರು ಹೇಗೂ ನಿಭಾಯಿಸ್ತಾರೆ, ಹೊಸ ಕೈಗೂ ಕೊಟ್ಟು ನೋಡೋಣ," ಎಂದು ನನ್ನತ್ತ ತಿರುಗಿದರು.

ಗೊಬ್ಬರದ ಟ್ರೇಲರನ್ನು ಓಣಿಯೊಳಗೆ ಹಿಂದಕ್ಕೆ ಬಿಡುವುದರಲ್ಲಿ ನನಗೆ ಸಮನಾದವರಿಲ್ಲ. ಆ ಜಂಬದಲ್ಲೇ ಚಕ್ರ ಹಿಡಿದೆ. ಮುಂದಕ್ಕೆ ಚೆನ್ನಾಗಿಯೇ ಹೋಯಿತು. ಹಡಗು ನಿಲ್ಲುವ ಕಟ್ಟೆಯ ಬಳಿ ಸವಿತಾ, "ಒಸಿ ಹಿಂದಕ್ಕೆ ತಗೊಳ್ಳಣ್ಣ," ಎಂದಳು. ಟ್ರೇಲರು ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗು ಬಲಕ್ಕೆ ತಿರುಗಿಸುತ್ತೇವಲ್ಲ, ಕೈ ತಾನಾಗಿ ಹಾಗೇ ಮಾಡಿತು. ಹಡಗಿಗೆ ಆ ಲೆಕ್ಕವಿಲ್ಲ; ಅದು ಬಲಕ್ಕೇ ಹೋಗಿ ಕಟ್ಟೆಗೆ ಗುದ್ದಿತು. ನೆಲ ಅಲುಗದಿದ್ದರೂ ನಾನು ತಂಗಿಯ ಭುಜ ಹಿಡಿದುಕೊಂಡೆ.

"ಏನಾಯ್ತಣ್ಣ?"

"ನಿನ್ನ ಹಡಗು ಮಾತೇ ಕೇಳಾಕಿಲ್ಲ ಕಣವ್ವ!" ಎಂದುಬಿಟ್ಟೆ.

ಮೇಲಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಅಂದು ನಕ್ಷೆಗೆ ಆಗಬೇಕಿದ್ದ ಒಪ್ಪಿಗೆಯ ರುಜು ನಿಂತಿತು. ಅವಳು ಎರಡು ವರ್ಷ ಕೂತು ಬರೆದ ನಕ್ಷೆ! ನಾನು ತೆಪ್ಪಗೆ ಬಸ್ಸು ಹತ್ತಿದೆ.

ಊರಲ್ಲಿ ನಡೆದದ್ದನ್ನೆಲ್ಲ ನನ್ನಿಂದ ಕೇಳಿದ ಗೆಳೆಯ ನಿಂಗರಾಜ, "ಏನ್ಲಾ, ನೀರೇ ಇಲ್ದಿರೋ ಕಡೆ ಹಡಗು ಗುದ್ದಿಸ್ಬುಟ್ಟು ಬಂದ್ಯಾ? ನಿಜ ಹೇಳ್ಬುಡ್ಲಾ, ಹೆಣ್ಮಗಳ ಕೆಲ್ಸ ಹೋದಾತು!" ಎಂದು ಹೆದರಿಸಿದ. ದಿನವೂ ತಂಗಿಗೆ ಫೋನು ಮಾಡಿ, "ಅಲ್ಲಿ ಮಳೆನಾ?" ಎಂದು ಕೇಳಿ ಇಡುತ್ತಿದ್ದೆ. ಹತ್ತು ದಿನವಾದ ಮೇಲೆ ಒದರಿಬಿಟ್ಟೆ: "ಹಡಗಿಂದೇನೂ ತಪ್ಪಿಲ್ಲ ಕಣವ್ವ. ನಾನೇ ಟ್ರೇಲರ್ ತರ ತಿರುಗಿಸ್ಬುಟ್ಟೆ."

ಅವಳು ನಕ್ಕಳು. "ಗೊತ್ತು ಕಣಣ್ಣ. ನೀನು ತಿರುಗ್ಸಿದ್ದೆಲ್ಲ ಅಲ್ಲಿ ರೆಕಾರ್ಡ್ ಆಗೈತೆ. ಮಾರನೇ ದಿನವೇ ಸೈನ್ ಹಾಕುದ್ರು. ಚುಕ್ಕಾಣಿ ಯಾವ ಕಡೆ ತಿರುಗೈತೆ ಅಂತ ತೋರ್ಸೋ ಮುಳ್ಳು ಮೂಲೇಲಿತ್ತು. ನಿನ್ನಂಥೋರ್‌ಗೆ ಅಂತ ದೊಡ್ಡದು ಮಾಡಿ ಕಣ್ಣೆದುರಿಗೇ ತಂದ್ವಿ."

"ಮೊದ್ಲೇ ಹೇಳ್ಬಾರ್ದಾ?"

"ನೀನ್ ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆ."

"ನನ್ನ ಹೆಸರು ಎಲ್ಲೂ ಬರ್ದಿಲ್ಲ ತಾನೇ?"

"ಇಲ್ಲ ಬುಡು."

ಸಮಾಧಾನವಾಯಿತು. ಫೋನಿಟ್ಟ ಮೇಲೆ, ಅಷ್ಟು ದೊಡ್ಡ ಮುಳ್ಳಿನ ಕೆಳಗೆ ನನ್ನ ಹೆಸರು ಸಣ್ಣದಾಗಿ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು ಅನ್ನಿಸಿತು.