ಮಂಜಿನ ಬೆಟ್ಟಕ್ಕೆ ಮೂರು ಟಿಪ್ಪಣಿ

ಮೂವತ್ತು ವರ್ಷ ಸರ್ಕಾರಿ ಫೈಲುಗಳನ್ನು ದಡ ಸೇರಿಸಿದವನಿಗೆ ಒಂದು ಬೆಟ್ಟ, ಒಂದಿಷ್ಟು ಮಂಜು ಯಾವ ಲೆಕ್ಕ? ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿ, ಕ್ಯಾನ್ವಾಸು, ಎಣ್ಣೆಬಣ್ಣ ತಂದು ದೆಹಲಿಯ ಮಯೂರ್ ವಿಹಾರದ ನಮ್ಮ ಬಾಲ್ಕನಿಯಲ್ಲಿ ಕೂತೇಬಿಟ್ಟೆ. ನಾನು ಕುಂಚ ಹಿಡಿಯುವ ಮೊದಲೇ ಹೆಂಡತಿ ಸುಧಾ ನೋಯ್ಡಾದಲ್ಲಿರುವ ತಂಗಿಗೆ ಫೋನ್ ಮಾಡಿದ್ದಳು: “ಭಾನುವಾರ ನಿಮ್ಮ ಗೃಹಪ್ರವೇಶಕ್ಕೆ ಅಂಗಡಿ ಉಡುಗೊರೆ ಅಲ್ಲ ಕಣೇ. ನಿನ್ನ ಭಾವನೇ ಪೇಂಟಿಂಗ್ ಮಾಡ್ತಿದ್ದಾರೆ!”

ಆಮೇಲೆ ನನ್ನತ್ತ ತಿರುಗಿ, “ರೀ, ನನ್ನ ಮಾನ ನಿಮ್ಮ ಕೈಯಲ್ಲಿದೆ,” ಎಂದಳು.

ಗುರುವಾರ ಸಂಜೆಗೆ ಬೆಟ್ಟ ಮೂಡಿತು. ನಿಜಕ್ಕೂ ಬೆಟ್ಟದಂತೆಯೇ ಇತ್ತು! ಅಲ್ಲಿಗೆ ನಿಲ್ಲಿಸಿದ್ದರೆ ಬದುಕುತ್ತಿದ್ದೆ. ಆದರೆ ಮೂರು ಜನರ ಟಿಪ್ಪಣಿ ಪಡೆಯದೆ ಯಾವ ಕಾಗದವನ್ನೂ ಮೇಲಕ್ಕೆ ಕಳಿಸಿದವನಲ್ಲ ನಾನು. ಕ್ಯಾನ್ವಾಸನ್ನು ಎಲ್ಲರ ಮುಂದೆ ಸಾದರಪಡಿಸಿದೆ.

“ಸ್ವಲ್ಪ ಹಸಿರು ಇರಲಿ,” ಎಂದಳು ಸುಧಾ. ಬಳಿದೆ.

“ಪಪ್ಪಾ, ಫಾಗ್ ಕಹಾಂ ಹೈ? ಮಂಜೇ ಕಾಣ್ತಾ ಇಲ್ಲ!” ಎಂದಳು ಮಗಳು. ಹಸಿರಿನ ಮೇಲೆ ಬಿಳಿ ಎಳೆದೆ.

ಪಕ್ಕದ ಫ್ಲಾಟಿನ ಗುಪ್ತಾಜಿ ನಮ್ಮದೇ ಚಹಾ ಹೀರುತ್ತಾ, “ಅಚ್ಛಾ ಹೈ, ಪರ್ ಸೂರಜ್?” ಎಂದರು. ಬಿಳಿಯ ಮೇಲೆ ಕೆಂಪು ಸೂರ್ಯ ಉದಯಿಸಿದ.

ಒಂದು ಪದರ ಒಣಗದೆ ಇನ್ನೊಂದು ಬಳಿಯಬಾರದಂತೆ. ಅದನ್ನು ಮೂರನೆಯ ವಿಡಿಯೊದಲ್ಲಿ ಹೇಳಿದ್ದರು. ನಾನು ನೋಡಿದ್ದು ಎರಡೇ! ಎಲ್ಲ ಕಲಸಿಕೊಂಡು ಇಡೀ ಬೆಟ್ಟ ಹಳಸಿದ ಹುಳಿಯ ಬಣ್ಣಕ್ಕೆ ತಿರುಗಿತು. ಒರೆಸಿದಷ್ಟೂ ಹರಡಿತು. ತಲೆ ಚಚ್ಚಿಕೊಳ್ಳುವಂತಾಯಿತು. ಶನಿವಾರ ಸಿಟ್ಟಿನಲ್ಲಿ ಎಲ್ಲದರ ಮೇಲೂ ದಪ್ಪಗೆ ಬೂದು ಮಂಜು ಮೆತ್ತಿಬಿಟ್ಟೆ.

“ಬೆಟ್ಟ ಎಲ್ಲಿ ರೀ?” ಸುಧಾ ಕೇಳಿದಳು.

“ಮಂಜಿನ ಹಿಂದೆ.”

“ನನ್ನ ಮಾನ?”

ಅದೂ ಅಲ್ಲೇ ಇದೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಕುಂಚ ತೊಳೆಯಲು ಎದ್ದೆ.

ಭಾನುವಾರ ಹಸಿ ಚಿತ್ರವನ್ನು ಬಾಣಂತಿ ಮಗುವನ್ನು ಹಿಡಿದಂತೆ ಹಿಡಿದು ಟ್ಯಾಕ್ಸಿಯಲ್ಲಿ ನೋಯ್ಡಾ ಮುಟ್ಟಿದೆವು. ನಾದಿನಿ ವಾಣಿ ಸಂಭ್ರಮದಿಂದ ಅದನ್ನು ದೇವರ ಪಕ್ಕದಲ್ಲೇ ಇಟ್ಟಳು. “ಬೇಡಮ್ಮಾ, ಇನ್ನೂ ಒಣಗಿಲ್ಲ” ಎನ್ನುವಷ್ಟರಲ್ಲಿ ಮಂತ್ರ ಮುಗಿಸಿದ ಪುರೋಹಿತರು ಹಿಡಿ ತುಂಬ ಅಕ್ಷತೆ ಎರಚಿದರು. ಅವರ ಹಿಂದೆಯೇ ನೆಂಟರೆಲ್ಲ ಎರಚಿದರು. ಚಿತ್ರದ ಮೇಲೆ ಬಿದ್ದ ಒಂದು ಕಾಳೂ ಕೆಳಗಿಳಿಯಲಿಲ್ಲ!

ಸುಧಾ ಕಣ್ಣು ಮುಚ್ಚಿಕೊಂಡಳು. ನಾನು ಬಾಗಿಲು ಎಲ್ಲಿದೆ ಎಂದು ನೋಡಿಕೊಂಡೆ.

“ಅಯ್ಯೋ ಭಾವ, ಈಗ ನೋಡಿ ಎಷ್ಟು ಕಳೆ ಬಂತು!” ಎಂದಳು ವಾಣಿ. ಬೂದು ಆಕಾಶದ ತುಂಬ ಹಳದಿ ಅಕ್ಕಿ ಮಿನುಗುತ್ತಿತ್ತು. ಜನ ಸುತ್ತ ನೆರೆದು ಫೋಟೊ ತೆಗೆದರು. ಸುಧಾಳ ಮಾನ ಉಳಿಯಿತು.

ಊಟದ ಹೊತ್ತಿಗೆ ಷಡ್ಡಕನ ಗೆಳೆಯರೊಬ್ಬರು ತಮ್ಮ ಮನೆಗೂ ಇಂಥದ್ದೇ ಒಂದು ಬೇಕೆಂದರು. ನಾನು ವಿನಯದಿಂದ ಎದ್ದು ನಿಂತೆ. ಅವರು ನನ್ನನ್ನು ದಾಟಿಕೊಂಡು ಹೋಗಿ ಪುರೋಹಿತರ ಫೋನ್ ನಂಬರ್ ಕೇಳಿದರು.